ಬಸ್ಸು ನಿಂತ ಮೇಲೂ ಕೂತು ಕೇಳಿದ ಹಾಡು

ಚಿತ್ತವಾಡ್ಗಿ, ಹೊಸಪೇಟೆ
೧೨ ಫೆಬ್ರವರಿ ೨೦೨೫, ಬುಧವಾರ

ಪ್ರೀತಿಯ ಯಲ್ಲೇಶ್,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೆ? ಹೋದ ಸಲ ಕಳಿಸಿದ ಎಣ್ಣೆ ಮುಗಿದಿರಬೇಕು, ಈ ಕಾಗದದ ಜೊತೆ ಇನ್ನೊಂದು ಬಾಟಲಿ ಇಟ್ಟಿದ್ದೇನೆ. ಕ್ವಾರಿಯ ಧೂಳಿಗೆ ಕೆಮ್ಮು ಬಿಡುತ್ತಿಲ್ಲ ಅಂದಿದ್ದೆ, ಬಿಸಿನೀರನ್ನಾದರೂ ಕುಡಿಯುತ್ತಿದ್ದೀಯ? ಇಲ್ಲಿ ಅತ್ತೆ ಆರಾಮಾಗಿದ್ದಾರೆ. ಮೊಣಕಾಲು ನೋವು ಎನ್ನುತ್ತಲೇ ದಿನಾ ಬೆಳಿಗ್ಗೆ ಓಣಿ ಸುತ್ತಿ, ಯಾರ ಮನೆಯಲ್ಲಿ ಏನು ಸಾರು ಎಂಬ ವರದಿ ತರುತ್ತಾರೆ. ನನಗೆ ಕಂಪ್ಲಿಯ ಹೈಸ್ಕೂಲಿನಲ್ಲಿ ಈ ವರ್ಷವೂ ಅತಿಥಿ ಶಿಕ್ಷಕಿಯ ಕೆಲಸ ಸಿಕ್ಕಿದ್ದು ಗೊತ್ತಲ್ಲ. ಹತ್ತನೆಯವರ ಪರೀಕ್ಷೆ ಹತ್ತಿರ ಬಂದಿದೆ, ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುವ ಬಸ್ಸಿನಲ್ಲೇ ಉತ್ತರಪತ್ರಿಕೆ ತಿದ್ದುತ್ತೇನೆ. ಅತ್ತೆಯ ಮುಂದೆ ನಿನ್ನನ್ನು ನೀವು ಅನ್ನುತ್ತೇನೆ, ಕಾಗದದಲ್ಲಿ ಮಾತ್ರ ನೀನು. ಬಸ್ಸಿನಲ್ಲಿ ಸ್ನೇಹವಾದವನಿಗೆ ಬಹುವಚನ ಬರೆಯಲು ಕೈ ಬರುವುದಿಲ್ಲ.

ಫೋನಿರುವಾಗ ಕಾಗದ ಯಾಕೆ ಎಂದು ಕೇಳಬಹುದು. ಹೇಳುತ್ತೇನೆ, ತಾಳು. ನಿನ್ನ ಕೋಣೆಯಲ್ಲೇ ಇರುವ ಬಸವರಾಜ್ ರಜೆ ಮುಗಿಸಿ ನಾಳೆ ಒಮಾನಿಗೆ ಹೊರಟಿದ್ದಾನೆ. ಇವತ್ತು ಸಂಜೆ ಕಂಪ್ಲಿಯಿಂದ ಬಂದು ಇದನ್ನು ಒಯ್ಯುತ್ತೇನೆ ಅಂದಿದ್ದಾನೆ. ಹಾಗಾಗಿ ಶಾಲೆಗೆ ರಜೆ ಹಾಕಿ ಕೂತಿದ್ದೇನೆ.

ಎರಡನೇ ತಾರೀಖು, ಭಾನುವಾರ, ಟಿ.ಬಿ. ಡ್ಯಾಮಿನ ಕ್ವಾರ್ಟರ್ಸಿನಲ್ಲಿ ಬಲದಂಡೆ ಬ್ಯಾಂಡಿನ ಅಭಿಮಾನಿಗಳೆಲ್ಲ ಸೇರಿದ್ದರು. ಕಾಲುವೆ ಆಫೀಸಿನಲ್ಲಿ ಗುಮಾಸ್ತೆಯಾಗಿ ನಿವೃತ್ತರಾದ ಪಂಪಾವತಿ ಮೇಡಂ ಅವರ ಅಂಗಳದಲ್ಲಿ, ಬೇವಿನ ಮರದ ಕೆಳಗೆ. ಫೋನಿನಲ್ಲಿರುವ ಅಭಿಮಾನಿಗಳ ಗುಂಪನ್ನು ನಡೆಸುವವರು ಅವರೇ. ನಾನು ಆ ಗುಂಪಿನಲ್ಲಿ ಇಲ್ಲ, ನಿನಗೆ ಗೊತ್ತು. ನೀನು ಹೋದ ಮೇಲೆ ಬಲದಂಡೆಯ ಹಾಡು ಕೇಳುವುದನ್ನೇ ಬಿಟ್ಟಿದ್ದೆ. ಬಸ್ ಸ್ಟ್ಯಾಂಡಿನ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಅಂಟಿಸಿದ ಕಾಗದ ಕಣ್ಣಿಗೆ ಬಿತ್ತು: ‘ಬರ್ರಿ. ನಿಮಗ ಸೇರಿದ ಒಂದು ಆಲ್ಬಮ್, ಒಂದು ಹಾಡು, ಅದು ಯಾಕ ಸೇರ್ತತಿ ಅಂತ ಹೇಳ್ರಿ. ಚಾ ನಮ್ಮದು.’ ಹೋಗಬಾರದು ಅಂದುಕೊಂಡೇ ಹೋದೆ. ಎರಡೂವರೆ ವರ್ಷದಿಂದ ನಿನ್ನ ಬಗ್ಗೆ ಒಬ್ಬರ ಜೊತೆಗೂ ಮನಸ್ಸು ಬಿಚ್ಚಿ ಮಾತಾಡಿರಲಿಲ್ಲ. ನಿನಗೆ ಸೇರಿದ ಹಾಡಿನ ಬಗ್ಗೆಯಾದರೂ ನಾಲ್ಕು ಜನ ಮಾತಾಡುವುದನ್ನು ಕೇಳೋಣ ಅನ್ನಿಸಿತು.

ಇಪ್ಪತ್ತೈದು ಜನ ಇದ್ದರು. ಹಂಪಿಯ ಅರ್ಚಿತಾ ಎಂಬ ಹುಡುಗಿಯನ್ನು ಅವಳಪ್ಪ, ದೇವಸ್ಥಾನದ ಅರ್ಚಕರು, ಪೂಜೆ ಮುಗಿಸಿ ಬೈಕಿನಲ್ಲಿ ತಂದು ಬಿಟ್ಟರು. ನಾಲ್ಕು ಆಲ್ಬಮ್ಮುಗಳಲ್ಲಿ ‘ಕೆಂಪು ಟವೆಲ್’ ಮುಂದೆ ಉಳಿದ ಮೂರೂ ನಿಲ್ಲುವುದಿಲ್ಲ ಎಂದು ಅವಳು ಎದ್ದು ನಿಂತು ವಾದ ಮಾಡಿದಳು. ಹಲಗೆಯ ಏಟಿಗೆ ಗಿಟಾರು ಹೆದರಿ ಓಡುವ ಹಾಗೆ ಕೇಳುತ್ತದಂತೆ. ಪಂಪಾವತಿ ಮೇಡಂ ಒಪ್ಪಲಿಲ್ಲ. ‘ಅದು ಬರೇ ಗದ್ದಲ. ಮೂಕಣ್ಣನ ಧ್ವನಿ ಕೇಳಬೇಕಂದ್ರ ನಾಟಿ ಆಲ್ಬಮ್ ಕೇಳು, ಆಮ್ಯಾಲೆ ಮಾತಾಡು’ ಅಂದರು. ಮೂಕಣ್ಣ ಎಂದು ಹೆಸರಿಟ್ಟುಕೊಂಡು ಊರು ಒಡೆಯುವ ಹಾಗೆ ಹಾಡುತ್ತಾನಲ್ಲ ಎಂಬ ನಿನ್ನ ಹಳೆಯ ತಮಾಷೆಯನ್ನು ಅಲ್ಲಿ ಮತ್ಯಾರೋ ಮಾಡಿದರು, ಎಲ್ಲರ ಜೊತೆ ನಾನೂ ನಕ್ಕೆ. ಎಮ್ಮಿಗನೂರಿನ ರೈತ ಸುಂಕಪ್ಪ ಎನ್ನುವವರು, ಅರವತ್ತು ದಾಟಿದವರು, ‘ನಾಟಿ’ಯ ಮೂರನೇ ಹಾಡು ಎಂದರು. ಯಾಕೆ ಎಂದು ಕೇಳಿದ್ದಕ್ಕೆ, ‘ನನ್ನ ಹೇಣ್ತಿ ಗದ್ಯಾಗ ಹಂಗs ಹಾಡ್ತಿದ್ಲು. ಅಕಿ ಇದ್ದಾಗ ನಾನು ಬದುವಿನ ಮ್ಯಾಲೆ ನಿಂತು, ಜಲ್ದಿ ಸಸಿ ಹಚ್ಚು, ಹಾಡು ಆಮ್ಯಾಲೆ ಅಂತಿದ್ದೆ’ ಎಂದು ಕೂತುಬಿಟ್ಟರು. ಅಷ್ಟು ಹೊತ್ತು ಜಗಳವಾಡುತ್ತಿದ್ದ ಅರ್ಚಿತಾ ಎದ್ದು ಹೋಗಿ ಅವರಿಗೆ ಚಹಾ ತಂದುಕೊಟ್ಟಳು.

ನಾನು ಏನು ಹೇಳಬೇಕೆಂದು ಮನೆಯಲ್ಲೇ ಸಿದ್ಧ ಮಾಡಿಕೊಂಡು ಹೋಗಿದ್ದೆ, ಮೇಷ್ಟರ ಬುದ್ಧಿ. ನನ್ನ ಸರದಿಗೆ ಮೊದಲು ಪಂಪಾವತಿ ಮೇಡಂ, ಬರಲಾಗದವರು ಬರೆದು ಕಳಿಸಿದ್ದನ್ನು ಓದುತ್ತೇನೆ ಎಂದು ಫೋನು ತೆಗೆದು ಕನ್ನಡಕ ಏರಿಸಿದರು. ‘ಇದು ನಮ್ಮ ಡ್ರಿಲ್ ಮಾಸ್ತರಂದು’ ಅಂದರು. ಕೆಲವರು ಆ ಹೆಸರು ಕೇಳಿ ನೆಟ್ಟಗೆ ಕೂತರು. ಅವರು ಓದಿದ್ದು ನನಗೆ ಅಕ್ಷರಕ್ಕೆ ಅಕ್ಷರ ನೆನಪಿದೆ: ‘ನನಗ ಸೇರಿದ್ದು ಮೊದಲನೇ ಆಲ್ಬಮ್ ತೂಬು. ಕೊನೇ ಹಾಡು, ಹೊತ್ತು ಮುಳುಗೋದ್ರಾಗ. ಸಂಡೂರಿಂದ ಹೊಸಪ್ಯಾಟಿಗೆ ಬರೋ ಸಂಜಿ ಬಸ್ಸಿನಾಗ ಡ್ರೈವರ್ ದಿನಾ ಹಾಕ್ತಿದ್ದ. ಕೊನೇ ಹಾಡು ಮುಗಿಯೋದ್ರಾಗ ಬಸ್ ಸ್ಟ್ಯಾಂಡ್ ಬರ್ತಿತ್ತು, ಬಂದ್ ಮಾಡ್ತಿದ್ದ. ಆರು ತಿಂಗಳು ಅದರ ಕೊನಿ ಕೇಳಿದ್ದಿಲ್ಲ. ಒಂದಿನ ಎಲ್ಲಾರೂ ಇಳಿದ್ರು, ನಾನು ಇಳೀಲಿಲ್ಲ, ಮುಂದಿನ ಸೀಟಿನಾಗ ಒಬ್ಬಾಕಿ ಟೀಚರು, ಅಕೀನೂ ಇಳೀಲಿಲ್ಲ. ಡ್ರೈವರ್ ನಮ್ಮಿಬ್ಬರ ಮಾರಿ ನೋಡಿ, ಕುಂದ್ರಿ, ಮುಗೀಲಿ ಅಂದ. ಕೊನೀಗೆ ಬ್ಯಾಂಡಿನ ಹೊಳೆಮ್ಮನ ಚೌಡಿಕಿ ತಂತಿ ಅಷ್ಟs ಎರಡು ನಿಮಿಷ ಬರ್ತತಿ ಅಂತ ಅವತ್ತು ಗೊತ್ತಾತು. ಈಗ ಅದರ ಶಬ್ಧ ನನಗ ಕೇಳ್ಸಂಗಿಲ್ಲ. ಫೋನಿನ ಬೆನ್ನಿಗೆ ಬೆರಳು ಇಟ್ಟು ಕುಂದ್ರತೀನಿ, ತಂತಿ ಅಲುಗೋದು ತಿಳೀತತಿ.’

ಅವರು ಓದಿ ಮುಗಿಸಿ, ‘ಶಬ್ದ ಅನ್ನೋದಕ್ಕ ಮಹಾಪ್ರಾಣ ಹಾಕ್ಯಾನ ಹುಚ್ಚ’ ಎಂದು ಪ್ರೀತಿಯಿಂದ ಬೈದರು. ಆ ತಪ್ಪನ್ನು ನಾನು ಎಷ್ಟು ಸಲ ತಿದ್ದಿದ್ದೇನೆ, ಯಲ್ಲೇಶ್. ಆದರೆ ಅದು ನೀನೆಂದು ತಿಳಿಯಲು ತಪ್ಪಕ್ಷರ ಬೇಕಿರಲಿಲ್ಲ. ಆ ಬಸ್ಸಿನಲ್ಲಿ ಇಳಿಯದೆ ಕೂತದ್ದು ನಾವಿಬ್ಬರೇ.

ನನ್ನ ಸರದಿ ಬಂತು. ಎದ್ದು ನಿಂತೆ, ಸಿದ್ಧಮಾಡಿದ್ದು ಒಂದೂ ಬರಲಿಲ್ಲ. ‘ನನಗೂ ಅದೇ ಹಾಡು’ ಅಂದೆ. ಯಾರೋ, ಇವರದು ಕಾಪಿ ಎಂದು ನಕ್ಕರು. ಕೂತೆ.

ಎಲ್ಲರೂ ಚಹಾಕ್ಕೆ ಎದ್ದಾಗ ಪಂಪಾವತಿ ಮೇಡಂ ಹತ್ತಿರ ಹೋಗಿ, ಆ ಡ್ರಿಲ್ ಮಾಸ್ತರ ಯಾರು ಎಂದು ಕೇಳಿದೆ. ಹೆಸರು ಗೊತ್ತಿಲ್ಲ, ಪರದೇಶದಲ್ಲಿ ಕಲ್ಲು ಕೊರೆಯುತ್ತಾನೆ, ಮಷೀನಿನ ಸದ್ದಿಗೆ ಕಿವಿ ಹೋಗಿದೆ ಅಂದರು. ಕಳೆದ ಯುಗಾದಿಯ ಹೊತ್ತಿಗೆ ಹೊಸ ಆಲ್ಬಮ್ ‘ಉಸುಕು’ ಬಂದಾಗ ಗುಂಪಿನಲ್ಲಿ ಒಂದೇ ಸಾಲು ಬರೆದಿದ್ದೆಯಂತೆ: ‘ಯಾರಾದ್ರೂ ಹಾಡಿನ ಮಾತು ಬರದು ಕೊಡ್ತೀರೇನ್ರಿ, ನನಗ ಪೂರಾ ಕೇಳ್ಸವಲ್ದು.’ ಅವತ್ತಿನಿಂದ ಅವರೆಲ್ಲ ಹಂಚಿಕೊಂಡು ಬರೆದು ಕಳಿಸುತ್ತಿದ್ದಾರೆ. ‘ಉಸುಕು’ವಿನ ಎಂಟು ಹಾಡನ್ನೂ ಕೇಳಿ ಬರೆದುಕೊಟ್ಟವರು ಸುಂಕಪ್ಪ. ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದು, ಫೋಟೋ ತೆಗೆದು ಹಾಕಿದ್ದಾರೆ. ಎಲ್ಲಿ ಹಲಗೆ ಬರುತ್ತದೆ, ಎಲ್ಲಿ ಮೂಕಣ್ಣ ಉಸಿರು ಎಳೆದುಕೊಳ್ಳುತ್ತಾನೆ ಎಂದು ಪಕ್ಕದಲ್ಲಿ ಸಣ್ಣಗೆ ಬರೆದಿದ್ದಾರೆ. ನಾನು ಆ ಫೋಟೋಗಳನ್ನು ನೋಡುತ್ತಿದ್ದಾಗ ಅವರು ಹತ್ತಿರ ಬಂದು ನಿಂತರು. ಇಷ್ಟು ಕಷ್ಟ ಯಾಕೆ ತೆಗೆದುಕೊಂಡಿರಿ ಎಂದು ಕೇಳಿದೆ. ‘ಪುಣ್ಯಕ್ಕ ಅಂತ ಸುರು ಮಾಡಿದ್ನವ್ವ. ಬರಕೋಂತ ಬರಕೋಂತ ಹಾಡು ನನಗs ತಿಳೀತು’ ಅಂದರು. ಆ ಮನುಷ್ಯನ ಕಾಲಿಗೆ ಬಿದ್ದೆ. ಅವರು ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಸರಿದರು.

ನಿಜ ಹೇಳುತ್ತೇನೆ, ದಾರಿಯಲ್ಲಿ ಆಟೋದಲ್ಲಿ ಬರುವಾಗ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಹೆಸರು ಗೊತ್ತಿಲ್ಲದ ಇಪ್ಪತ್ತೈದು ಜನರಿಗೆ ಹೇಳಿದ್ದೀಯ, ನನಗೆ ಹೇಳಿಲ್ಲ. ಫೋನು ಮಾಡಿದರೆ ನೀನೇ ಒಂದೇ ಸಮನೆ ಮಾತಾಡುತ್ತಿದ್ದೆ, ಬಿಸಿಲು ಹೀಗೆ, ಊಟ ಹೀಗೆ, ಅವ್ವ ಆರಾಮಾ, ಸರಿ ಇಡ್ತೀನಿ. ನಾನು ನಡುವೆ ಏನು ಹೇಳಿದರೂ ಹ್ಞೂಂ. ಮೆಸೇಜು ಹಾಕಿದರೆ ಒಂದು ಹೆಬ್ಬೆರಳು. ನಿನಗೆ ನಾನು ಬೇಡವಾಗಿದ್ದೇನೆ ಎಂದುಕೊಂಡಿದ್ದೆ. ಕೇಳಿದ್ದಕ್ಕೆ ಉತ್ತರ ಸಿಗಬಾರದೆಂದೇ ಮಾತಾಡುತ್ತಾನೆ ಅಂದುಕೊಂಡಿದ್ದೆ. ಕೇಳಿಸುತ್ತಿಲ್ಲ ಎಂಬುದು ನನಗೆ ಗೊತ್ತಾಗಬಾರದೆಂದು ನೀನು ಮಾತಾಡುತ್ತಿದ್ದೆ ಎಂದು ಹೇಗೆ ತಿಳಿಯಬೇಕಿತ್ತು?

ಇನ್ನೊಂದು ಮಾತು ಇದೆ, ಅದನ್ನು ಬರೆಯದಿದ್ದರೆ ಈ ಕಾಗದ ಬರೆದದ್ದೇ ದಂಡ. ಕಳೆದ ಸೆಪ್ಟೆಂಬರಿನಲ್ಲಿ ನನ್ನ ಎದೆಯಲ್ಲಿ ಒಂದು ಗಂಟು ಸಿಕ್ಕಿತ್ತು. ಡಾಕ್ಟರು ಸೂಜಿ ಹಾಕಿ ಪರೀಕ್ಷೆಗೆ ಕಳಿಸಬೇಕು ಎಂದ ದಿನ, ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ನಿನಗೆ ಫೋನು ಮಾಡಿದೆ. ಗಂಟು ಐತಂತ, ನನಗ ಭಾಳ ಹೆದರಿಕಿ ಆಗೇತಿ ಎಂದು ಎಲ್ಲ ಹೇಳಿದೆ. ನೀನು ಸ್ವಲ್ಪ ತಡೆದು, ‘ಮಸ್ತ್ ಆತು ಬಿಡು, ಚಲೋ ಆತು’ ಅಂದೆ. ನೆನಪಿದೆಯೋ ಇಲ್ಲವೋ. ನಾನು ಫೋನು ಇಟ್ಟೆ. ಪರೀಕ್ಷೆಗೆ ಒಬ್ಬಳೇ ಹೋದೆ. ಅತ್ತೆಗೂ ಹೇಳಲಿಲ್ಲ. ಹನ್ನೊಂದು ದಿನ ಬಿಟ್ಟು ಬಂದ ವರದಿಯಲ್ಲಿ ಏನೂ ಇರಲಿಲ್ಲ, ಬರೀ ಕೊಬ್ಬಿನ ಗಂಟು, ಹೆದರಬೇಡ. ಆದರೆ ಆ ಎರಡು ಮಾತಿನ ಮೇಲೆ ನಿನ್ನ ಜೊತೆಗಿನ ನನ್ನ ಬಾಗಿಲು ಮುಚ್ಚಿಕೊಂಡುಬಿಟ್ಟಿತ್ತು. ನೀನು ದೀಪಾವಳಿಗೆ ಫೋನು ಮಾಡಿದಾಗ ನೋಡಿಯೂ ಎತ್ತಲಿಲ್ಲ. ಕೆಲಸ ಇತ್ತು ಎಂದು ಸುಳ್ಳು ಹೇಳಿದೆ. ಅವತ್ತು ನೀನು ನನ್ನ ಮಾತು ಏನೆಂದು ಊಹಿಸಿದ್ದೆ? ಶಾಲೆಯಲ್ಲಿ ಒಳ್ಳೆಯ ಫಲಿತಾಂಶ ಬಂತು ಅಂದುಕೊಂಡೆಯಾ? ಊಹಿಸಿ ಖುಷಿಪಟ್ಟೆಯಲ್ಲ. ನಾನು ಐದು ತಿಂಗಳು ನಿನ್ನನ್ನು ಮನಸ್ಸಿನಲ್ಲೇ ಬೈದದ್ದು ನಿನಗೆ ತಲುಪಿರಲಿಕ್ಕಿಲ್ಲ, ಆದರೂ ಕ್ಷಮಿಸು.

ಮರುದಿನವೇ ಕಂಪ್ಲಿಯಲ್ಲಿ ಬಸವರಾಜನ ಮನೆ ಹುಡುಕಿ ಹೋದೆ. ಹೇಳುವುದಿಲ್ಲವೆಂದು ನಿನಗೆ ಆಣೆ ಮಾಡಿದ್ದನಂತೆ, ಪಾಪ, ತಲೆ ಎತ್ತಲಿಲ್ಲ. ಕೊನೆಗೆ ಅವನ ತಾಯಿಯೇ ಗದರಿದ ಮೇಲೆ ಬಾಯಿ ಬಿಟ್ಟ. ‘ಎಡಗಿವಿ ಪೂರಾ ಹೋಗೇತಕ್ಕ. ಬಲಗಿವಿ ಅರ್ಧ ಐತಿ. ಮಷೀನು ಬಿಟ್ರ ಅಷ್ಟಾರ ಉಳೀತತಿ ಅಂತ ಅಲ್ಲಿ ಡಾಕ್ಟರ್ ಹೇಳ್ಯಾನ. ಕಿವುಡನಾಗಿ ಊರಿಗೆ ಬಂದು ಅಕಿ ಮುಂದ ಹೆಂಗ ನಿಂದ್ರಲಿ ಅಂತಾನ’ ಅಂದ. ಹೇಗೆ ನಿಲ್ಲಬೇಕೋ ಹಾಗೆ ನಿಲ್ಲು. ಸಂಡೂರಿನ ಗಣಿಯಿಂದ ಮೈಯೆಲ್ಲ ಕೆಂಪು ಧೂಳು ಮೆತ್ತಿಕೊಂಡು ನಿಂತಾಗ ಹಿಂದೆ ಸರಿದವಳಲ್ಲ ನಾನು.

ಆಮೇಲೆ ಏನು ಮಾಡಿದೆ ಗೊತ್ತಾ? ‘ತೂಬು’ ಹಾಕಿಕೊಂಡು ಮೊದಲಿನಿಂದ ಕೊನೆಯವರೆಗೆ ಕೇಳಿದೆ, ಎರಡೂವರೆ ವರ್ಷದ ಮೇಲೆ. ಕೊನೆಯ ಹಾಡಿಗೆ ಅತ್ತೆ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತರು. ‘ಇದು ನನ್ನ ಮಗನ ಹಾಡಲ್ಲೇನ?’ ಅಂದರು. ಹೌದು ಅಂದೆ. ಹೊಳೆಮ್ಮನ ಚೌಡಿಕೆ ನಿಲ್ಲುವವರೆಗೆ ಇಬ್ಬರೂ ಕೇಳಿದೆವು. ಅದು ಹೇಗೆ ಕೇಳುತ್ತದೆ ಎಂದು ನಿನಗೆ ಬರೆಯೋಣವೆಂದು ಕೂತೆ, ಆಗಲಿಲ್ಲ. ಸುಂಕಪ್ಪನವರಷ್ಟು ಚೆನ್ನಾಗಿ ನನಗೆ ಬರೆಯಲು ಬರುವುದಿಲ್ಲ.

ಅತ್ತೆ ನಿನಗೆ ಆಶೀರ್ವಾದ ಹೇಳಿದ್ದಾರೆ, ಶೇಂಗಾ ಚಟ್ನಿಪುಡಿ ಕಟ್ಟಿದ್ದಾರೆ, ಬಸವರಾಜನಿಗೂ ಒಂದು ಪೊಟ್ಟಣ ಬೇರೆ ಇದೆ, ಅವನದನ್ನು ನೀನು ತಿನ್ನಬೇಡ. ಪಂಪಾವತಿ ಮೇಡಂಗೆ ನಾನು ಯಾರೆಂದು ಇನ್ನೂ ಹೇಳಿಲ್ಲ. ಅದು ನೀನು ಹೇಳಬೇಕಾದದ್ದು.

ನಿನ್ನವಳು,
ಗಂಗೋತ್ರಿ

ಮತ್ತೆ: ಬಸವರಾಜ್ ಆಗಲೇ ಬಂದು ಹೊರಗೆ ನಿಂತಿದ್ದಾನೆ, ಗಾಡಿಯನ್ನೂ ಆರಿಸಿಲ್ಲ, ಅದಕ್ಕೇ ಅವಸರ. ಈ ತಿಂಗಳ ಕೊನೆಗೆ ನಿನ್ನ ಮುಂದೆ ಇನ್ನೆರಡು ವರ್ಷದ ಕರಾರು ಇಡುತ್ತಾರಂತೆ. ಸಹಿ ಮಾಡಬೇಡ. ನೀನು ಹೋಗುವಾಗ ಹೋಗಬೇಡ ಅನ್ನಲಿಲ್ಲ, ಹೋದ ಮೇಲೆ ಬಾ ಅನ್ನಲೂ ಇಲ್ಲ. ಈಗ ಅನ್ನುತ್ತಿದ್ದೇನೆ. ಉಳಿದಿರುವ ಅರ್ಧ ಕಿವಿಯನ್ನು ಅಲ್ಲಿ ಬಿಟ್ಟು ಬರಬೇಡ. ಅತ್ತೆಗೆ ಏನನ್ನೂ ಹೇಳಿಲ್ಲ, ನಿನಗೆ ಬೇಕಾದಾಗ ನೀನೇ ಹೇಳು. ಇದಕ್ಕೆ ಫೋನು ಮಾಡಬೇಡ, ಕಾರಣವನ್ನೂ ಬರೆಯಬೇಡ. ಬರುವ ತಾರೀಖು ಒಂದನ್ನು ಬರೆದು ಕಳಿಸು, ಸಾಕು.