ಏಡಿಗೆ ತೆಂಗಿನಕಾಯಿ ತಿನ್ನಿಸಿದ್ದು

ಮಾರ್ಚ್ ೧೪, ಶನಿವಾರ

ಪ್ರಾಣಿಯ ಕಾಲು ನೋಡಿ ಓಟ ಹೇಳುವುದರಲ್ಲಿ ಈ ಭೂಮಂಡಲದಲ್ಲೇ ನನ್ನನ್ನು ಮೀರಿಸಿದವರಿಲ್ಲ. ಆದರೂ ಇವತ್ತು ಒಂದು ಏಡಿ ನನ್ನ ಮಾನ ಕಳೆಯಿತು.

ಥೂ, ಎಂಥ ದ್ವೀಪವಪ್ಪಾ ಇದು! ಹಾಸಿಗೆಯಲ್ಲಿ ಮರಳು, ಕಿವಿಯಲ್ಲಿ ಮರಳು. ಎಣ್ಣೆ ಬಳಿದುಕೊಂಡ ನೂರು ಜನ ಒಂದೇ ಈಜುಕೊಳದಲ್ಲಿ ನೆನೆಯುತ್ತಾ, ಅದರಲ್ಲೇ ಕುಳಿತು ಜ್ಯೂಸ್ ಹೀರುತ್ತಾರೆ. ನೋಡಿದರೇ ಹೇಸಿಗೆ. ಅಲ್ಲಿ ಹಾಕಿದ ಡಬಡಬ ಹಾಡು ಈಗಲೂ ಗೋಡೆ ಗುದ್ದುತ್ತಿದೆ.

ಸಂಜೆ ರೆಸಾರ್ಟಿನವರು ಮರಳಿನಲ್ಲಿ ವೃತ್ತ ಎಳೆದು, ಬೆನ್ನ ಮೇಲೆ ಶಂಖ ಹೊತ್ತ ಏಡಿಗಳ ಓಟ ಇಟ್ಟಿದ್ದರು. ಮೊದಲು ಗೆರೆ ದಾಟಿದ ಏಡಿಗೆ ಹಣ ಕಟ್ಟಿದವರಿಗೆ ಮೂರು ಪಟ್ಟು. ನಾನು ಏಳನೇ ನಂಬರಿನದನ್ನು ಆರಿಸಿದೆ. ಹೊಲಕ್ಕೆ ಹೂಡುವ ಮುಂಚೆ ಎತ್ತಿಗೆ ತಿನ್ನಿಸುವಂತೆ, ಬಲ ಬರಲೆಂದು ಅದಕ್ಕೆ ತೆಂಗಿನಕಾಯಿ ಚೂರು ಕೊಟ್ಟೆ.

"ಮಾವ, ತಿನ್ನಿಸ್ಬೇಡಿ, ಹಸಿದಿದ್ರೇನೇ ಅದು ಓಡೋದು," ಎಂದಳು ತಂಗಿಯ ಮಗಳು.

"ಸುಮ್ನಿರೇ, ನಿಮ್ಮಪ್ಪ ಹುಟ್ಟೋಕೆ ಮುಂಚೆ ಎತ್ತು ಹೂಡಿದೋನು ನಾನು!"

ಸೀಟಿ ಊದಿದರು. ನನ್ನದು ಹೊಟ್ಟೆ ತುಂಬಿ ಶಂಖದೊಳಗೆ ಮಲಗಿಬಿಟ್ಟಿತು. ಹಠಕ್ಕೆ ಬಿದ್ದು ಇನ್ನೂ ಮೂರು ಓಟಕ್ಕೆ ಅದರ ಮೇಲೇ ಕಟ್ಟಿದೆ. ಹೊರಗೆ ಮೂತಿಯನ್ನೂ ಹಾಕಲಿಲ್ಲ, ದರಿದ್ರದ್ದು.

ಕೋಣೆಗೆ ಬಂದಾಗ ಹೆಂಡತಿ ಕೇಳಿದಳು, "ಎಷ್ಟು ಕಳಕೊಂಡ್ರಿ?"

"ಇನ್ನೂರು. ಬಿಡು, ಚಿಲ್ಲರೆ."

"ನಾಳೆ ದೋಣಿ ದುಡ್ಡು ಇದೆ ತಾನೇ? ಡಾಲ್ಫಿನ್ ನೋಡ್ಬೇಕು ಅಂತ ವರ್ಷವಿಡೀ ಕೂಡಿಟ್ಟಿದ್ದು."

"ಇದೆ ಕಣೇ, ಮಲಕ್ಕೋ."

ಹೊಸ ಟೋಪಿಯನ್ನು ದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದ್ದಾಳೆ. ಈ ದ್ವೀಪದ ಮೇಲಿದ್ದ ಹೇಸಿಗೆ ಈಗ ನನ್ನ ಮೇಲೇ ತಿರುಗಿದೆ. ಇನ್ನೂರಲ್ಲ. ಆರು ಸಾವಿರದ ನಾನೂರು, ದೋಣಿಗೆಂದು ಇಟ್ಟಿದ್ದು ಅಷ್ಟೂ ಹೋಯಿತು.