ಏಳನೇ ಮಂಚದ ಹಸಿರು ಲಂಗ

ಚನ್ನಗಿರಿ
೧೬ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ಭೀಮಕ್ಕ,

ನಿನಗೂ ನಿನ್ನ ಯಜಮಾನರು ಗುರುಸ್ವಾಮಿಯವರಿಗೂ ನಮಸ್ಕಾರ. ನೀನು ನಾಲ್ಕು ಸಲ ಫೋನ್ ಮಾಡಿದೆ. ನಾಲ್ಕು ಸಲವೂ ಫೋನು ನನ್ನ ಕೈಯಲ್ಲೇ ಇತ್ತು, ಎತ್ತಲಿಲ್ಲ. ಬೈದುಕೋ. ಬರೆಯಬೇಕು ಬರೆಯಬೇಕು ಅಂದುಕೊಂಡು ದಿನಕ್ಕೊಂದು ನೆಪ ತೆಗೆದೆ. ಒಂದು ದಿನ ಮಂಡಿನೋವು, ಒಂದು ದಿನ ಕರೆಂಟಿಲ್ಲ, ಇನ್ನೊಂದು ದಿನ ಪೆನ್ನು ಸರಿಯಿಲ್ಲ. ಈ ಕಾಲದಲ್ಲಿ ಕಾಗದ ಬರೆಯುವವರು ಯಾರಿದ್ದಾರೆ ಎಂದು ನೀನು ನಗಬಹುದು. ಫೋನಿನಲ್ಲಾದರೆ ನಿನ್ನ ದನಿ ಕೇಳಿದ ಕೂಡಲೇ ಏನಾದರೊಂದು ಸುಳ್ಳು ಹೇಳಿ ಇಟ್ಟುಬಿಡುತ್ತೇನೆ. ಅದಕ್ಕೇ ಕಾಗದ.

ಮೊದಲು ಸುದ್ದಿ ಹೇಳಿಬಿಡುತ್ತೇನೆ. ನಿನ್ನ ಮಗಳು ಉಷಾರಾಣಿಗೆ ಅಮೆರಿಕದ ಆ ನರ್ಸ್ ಕೆಲಸ ಸಿಗಲಿಲ್ಲ. ಇನ್ನೂ ಗೊತ್ತಾಗಿಲ್ಲ ಎಂದು ಅವಳು ನಿನಗೆ ಹೇಳುತ್ತಿರುವುದು ಸುಳ್ಳು. ಸಂದರ್ಶನವಾಗಿ ಹದಿನೆಂಟು ದಿನವಾಯಿತು, ಬೇಡವೆಂದು ಪತ್ರ ಬಂದು ಹದಿನೈದು ದಿನ. ತಪ್ಪು ಅವಳದಲ್ಲ, ಪೂರಾ ನನ್ನದು. ದಯವಿಟ್ಟು ಅವಳ ಮೇಲೆ ರೇಗಬೇಡ.

ಎರಡು ವರ್ಷದ ಹಿಂದೆ ಬಿಳಿಚೋಡಿನಿಂದ ಬಸ್ಸು ಬದಲಿಸಿ ಬದಲಿಸಿ ಅವಳನ್ನು ಕರೆತಂದೆಯಲ್ಲ, ಆ ದಿನ ನೆನಪಿದೆಯೇ? ಮೆಡಿಕಲ್ ಶಾಪಿನ ಮೇಲಿನ ನನ್ನ ಎರಡು ಕೋಣೆಯ ಕ್ಲಾಸು ಹತ್ತುವಷ್ಟರಲ್ಲಿ ನಿನಗೆ ಏದುಸಿರು. "ಅಕ್ಕ, ಇವಳನ್ನ ನಿಮ್ಮ ಕೈಗೆ ಹಾಕೀನಿ, ದಡ ಮುಟ್ಟಿಸ್ರಿ" ಅಂದೆ. ನಾನು ಫೀಸು ಬೇಡ ಅಂದೆ. ನಿಮ್ಮದು ದೊಡ್ಡ ಮನಸ್ಸು ಎಂದು ನೀನು ನನ್ನ ಕೈ ಹಿಡಿದುಕೊಂಡೆ. ಆ ಕೈ ಬಿಡಿಸಿಕೊಳ್ಳಲು ನಾನು ಪಟ್ಟ ಪಾಡು ನನಗೆ ಗೊತ್ತು.

ಅಮೆರಿಕದ ನರ್ಸ್ ಪರೀಕ್ಷೆ ಪಾಸಾಗುವುದು ಹುಡುಗಿಯರ ಪಾಡು. ಪಾಸಾದ ಮೇಲೆ ಅಲ್ಲಿನ ಆಸ್ಪತ್ರೆಯವರಿಗೆ ಇವರು ಬೇಕು ಅನ್ನಿಸುವ ಹಾಗೆ ಮಾಡುವುದು ನನ್ನ ಕೆಲಸ. ಮಸ್ಕತ್‌ನಲ್ಲಿ ಹನ್ನೆರಡು ವರ್ಷ ವಿದೇಶಿ ಡಾಕ್ಟರುಗಳ ಜೊತೆ ಗುದ್ದಾಡಿ ಕಲಿತದ್ದನ್ನು ಇವರಿಗೆ ಕಲಿಸುತ್ತೇನೆ. ದೊಡ್ಡವರ ಮುಂದೆ ತಲೆ ತಗ್ಗಿಸುವುದು ನಮ್ಮಲ್ಲಿ ಮರ್ಯಾದೆ, ಅಲ್ಲಿ ಏನೋ ಮುಚ್ಚಿಡುತ್ತಿದ್ದಾಳೆ ಎಂದು ಅರ್ಥ. ಹಾಗಾಗಿ ಕಣ್ಣಲ್ಲಿ ಕಣ್ಣಿಟ್ಟು ನೋಡುವುದನ್ನು ಗೋಡೆಗೆ ಒಂದು ಬೊಟ್ಟು ಅಂಟಿಸಿ ಅಭ್ಯಾಸ ಮಾಡಿಸುತ್ತೇನೆ. ಏನೇ ಕೇಳಲಿ ನಗುಮುಖ ಬಿಡಬೇಡಿ ಎಂದು ದಿನಾ ಬಾಯಿ ಬಡಿದುಕೊಳ್ಳುತ್ತೇನೆ. ಅರ್ಜಿಯಿಂದ ತಂದೆಯ ಹೆಸರು, ಜಾತಿ, ಮದುವೆ, ಫೋಟೋ ಎಲ್ಲ ತೆಗೆಸುತ್ತೇನೆ. ಉಷಾ ತನ್ನ ಅರ್ಜಿ ನೋಡಿ, ಹಂಗಾದ್ರೆ ನಾನ್ಯಾರು ಅಂತ ಅವರಿಗೆ ಹೆಂಗೆ ಗೊತ್ತಾಗ್ತೈತೆ ಮೇಡಂ ಎಂದು ಕೇಳಿದಳು. ಕ್ಲಾಸಿನಲ್ಲಿ ಎಲ್ಲರೂ ನಕ್ಕರು, ನಾನೂ ನಕ್ಕೆ.

ಅವಳ ಪಾಲಿಗೆ ಇದು ಕೊನೆಯ ಅವಕಾಶ ಎಂಬುದು ನನಗೆ ಗೊತ್ತಿತ್ತು, ಅದೇ ನನ್ನನ್ನು ತಿನ್ನುತ್ತಿರುವುದು. ವೀಸಾದ ಸರದಿ ಎಷ್ಟೋ ವರ್ಷದ್ದು. ಆದರೂ ಕೈಯಲ್ಲಿ ಕೆಲಸದ ಪತ್ರವಿದ್ದರೆ ಸರದಿಯಲ್ಲಿ ನಿಂತಿದ್ದೇನೆ ಎಂದು ಮನೆಯಲ್ಲಿ ತೋರಿಸಬಹುದಿತ್ತು. ನಿನ್ನ ಅಳಿಯ ಓಬಳೇಶನ ಮನೆಯವರು ಈ ದೀಪಾವಳಿ ಆಸುಪಾಸು ಪತ್ರ ಬಾರದಿದ್ದರೆ ನರ್ಸ್ ಕೆಲಸ ಬಿಟ್ಟು ಜಗಳೂರಿನ ತಮ್ಮ ಗಿರಣಿಯಲ್ಲಿ ಕೂರಬೇಕೆಂದು ಮಾತು ತೆಗೆದುಕೊಂಡಿದ್ದರು. ಅವಳು ಒಪ್ಪಿ ಬಂದಿದ್ದಳು. ಮೇಡಂ ಇದ್ದಾರಲ್ಲ, ಆಗ್ತೈತೆ ಬಿಡ್ರಿ ಎಂದು ಗಂಡನಿಗೆ ಹೇಳಿದ್ದಳಂತೆ.

ಈಗ ನನ್ನ ತಪ್ಪು ಕೇಳು. ಅಲ್ಲಿನವರು ಸಂದರ್ಶನದಲ್ಲಿ ತಪ್ಪದೆ ಕೇಳುವ ಒಂದು ಪ್ರಶ್ನೆ ಇದೆ: ಕೆಲಸದಲ್ಲಿ ನೀವು ಮಾಡಿದ ಒಂದು ತಪ್ಪು ಹೇಳಿ, ಅದರಿಂದ ಏನು ಕಲಿತಿರಿ? ನಮ್ಮ ಹುಡುಗಿಯರಿಗೆ ಇದು ಅರ್ಥವೇ ಆಗುವುದಿಲ್ಲ. ನಮ್ಮ ಆಸ್ಪತ್ರೆಗಳಲ್ಲಿ ತಪ್ಪು ಒಪ್ಪಿಕೊಂಡವಳ ಕೆಲಸ ಹೋಗುತ್ತದೆ, ಒಪ್ಪದವಳು ಹೆಡ್ ನರ್ಸ್ ಆಗುತ್ತಾಳೆ. ಕೇಳಿದರೆ ಎಲ್ಲರದೂ ಒಂದೇ ಉತ್ತರ, ನಾವ್ ತಪ್ಪೇ ಮಾಡಿಲ್ಲ ಮೇಡಂ. ಹೀಗೆ ಹೇಳಿದರೆ ಅಮೆರಿಕದವರು ಅಲ್ಲಿಗೇ ಕೈಬಿಡುತ್ತಾರೆ.

ಅದಕ್ಕೆ ನಾನೇ ಒಂದು ತಪ್ಪು ಬರೆದುಕೊಟ್ಟೆ. ಏಳನೇ ಮಂಚದಲ್ಲಿ ಹಸಿರು ಲಂಗದ ನಾಲ್ಕು ವರ್ಷದ ಮಗು. ಜ್ವರ. ನರ್ಸು ಥರ್ಮಾಮೀಟರ್ ಇಡದೆಯೇ ಜ್ವರದ ಚಾರ್ಟು ತುಂಬಿಸಿದ್ದಾಳೆ. ತಾಯಿ ಬಂದು ಮೈ ಸುಡುತ್ತಿದೆ ಅನ್ನುತ್ತಾಳೆ. ನರ್ಸಿಗೆ ಅಳುಕಾಗಿ ಮತ್ತೆ ನೋಡುತ್ತಾಳೆ, ನೂರಾನಾಲ್ಕು. ಡಾಕ್ಟರನ್ನು ಕರೆಸುತ್ತಾಳೆ, ಮಗು ಉಳಿಯುತ್ತದೆ. ಅಂದಿನಿಂದ ನಾನು ಕಾಗದಕ್ಕಿಂತ ಮೊದಲು ತಾಯಿಯ ಮಾತು ನಂಬುತ್ತೇನೆ, ಎಂದು ಮುಗಿಸಬೇಕು. ಅಮೆರಿಕದವರಿಗೆ ಇದು ಬಹಳ ಹಿಡಿಸುತ್ತಿತ್ತು. ಒಂದೊಂದು ಆಸ್ಪತ್ರೆಗೆ ಒಬ್ಬೊಬ್ಬಳೇ ಹೋಗುತ್ತಿದ್ದುದರಿಂದ ಏಳು ವರ್ಷದಲ್ಲಿ ಹನ್ನೊಂದು ಜನ ಅದೇ ಮಗುವನ್ನು ಉಳಿಸಿ ಪಾಸಾಗಿದ್ದರು.

ಉಷಾ ಒಬ್ಬಳು ತಕರಾರು ತೆಗೆದಳು. ನಂದೇ ಒಂದು ಐತೆ ಮೇಡಂ, ಅದನ್ನೇ ಹೇಳ್ಲಾ ಅಂದಳು. ಆಪರೇಷನ್ನಿಗೆ ಮುಂಚೆ ಬಾಯಾರಿ ಅಂಗಲಾಚಿದ ಒಬ್ಬ ಅಜ್ಜನಿಗೆ ಎರಡು ಗುಟುಕು ನೀರು ಕೊಟ್ಟು, ಆಪರೇಷನ್ನೇ ಮುಂದೆ ಹೋಗಿತ್ತಂತೆ. ಎಷ್ಟು ಚೆನ್ನಾಗಿತ್ತು ಅದು, ನಿಜವಾದದ್ದು! ಬೇಡ, ಬಾಯಿಪಾಠ ಆಗಿರುವುದನ್ನೇ ಹೇಳು ಎಂದು ಗದರಿದೆ. ಆಮೇಲೆ ಇನ್ನೊಂದು ಕೇಳಿದಳು. "ನಮ್ಮನೇಲಿ ಹಸಿರು ಬಟ್ಟೆ ತರಂಗಿಲ್ಲ ಮೇಡಂ, ಅವ್ವಂಗೆ ಆಗಲ್ಲ. ಕೆಂಪು ಲಂಗ ಅಂತ ಹೇಳ್ಲಾ?" ಬೇಡ, ಹಸಿರೇ ಇರಲಿ ಅಂದೆ. ನನ್ನ ಬಾಯಲ್ಲಿ ಆ ಮಾತು ಯಾಕೆ ಬಂತೋ.

ಸಂದರ್ಶನ ನನ್ನ ಕ್ಲಾಸಿನ ಲ್ಯಾಪ್‌ಟಾಪಿನಲ್ಲೇ ಆಯಿತು. ಸಂಜೆ ಆರೂವರೆ, ಅವರಿಗೆ ಬೆಳಗ್ಗೆ. ಒಂದೇ ಆಸ್ಪತ್ರೆಗೆ ಒಂದೇ ದಿನ ಮೂವರು, ಹೀಗಾದದ್ದು ಇದೇ ಮೊದಲು. ಹೊನ್ನಾಳಿಯ ರೂಪಶ್ರೀ ಮೊದಲು ಕೂತಳು, ಆಮೇಲೆ ನ್ಯಾಮತಿ ಕಡೆಯ ಗೋವಿನಕೋವಿಯ ವಾಣಿಶ್ರೀ. ಒಬ್ಬಳಾದ ಮೇಲೆ ಒಬ್ಬಳು ಅದೇ ಮಂಚ, ಅದೇ ಲಂಗ, ಅದೇ ನೂರಾನಾಲ್ಕು ಅನ್ನುತ್ತಿದ್ದರೆ ಎದುರಿಗೆ ಕೂತ ನನಗೆ ಬುದ್ಧಿ ಬರಬೇಡವೇ? ಊರು, ಮಂಚ ಏನಾದರೂ ಬದಲಿಸಿಕೊಳ್ಳಿ ಎಂದು ಒಂದು ಮಾತು ಹೇಳಲಿಲ್ಲ. ಇಂಗ್ಲಿಷು ತಡವರಿಸದೆ ಬರುತ್ತಿದೆಯಲ್ಲ ಎಂದು ಮತಿಗೇಡಿ ನಾನು ಹಿಗ್ಗುತ್ತಾ ಕೂತಿದ್ದೆ.

ಮೂರನೆಯವಳು ಉಷಾ. ಅವಳು ಹಸಿರು ಲಂಗ ಅಂದ ಕೂಡಲೇ ಆ ಕಡೆಯ ನರೆಗೂದಲಿನ ಹೆಂಗಸು ಕೈ ಎತ್ತಿ ತಡೆದಳು. ಈ ಮಗುವಿನ ಕಥೆ ಈವತ್ತು ಮೂರನೇ ಸಲ ಕೇಳುತ್ತಿದ್ದೇನೆ, ಮೂರು ಬೇರೆ ಬೇರೆ ಆಸ್ಪತ್ರೆಯಲ್ಲಿ ಒಂದೇ ಮಗು ಹೇಗೆ ಮಲಗಿತ್ತು ಎಂದು ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಉಷಾ ಲ್ಯಾಪ್‌ಟಾಪಿನ ಮೇಲಿಂದ ನನ್ನ ಮುಖ ನೋಡಿದಳು. ಆಗಲಾದರೂ ನಿನ್ನ ಅಜ್ಜನ ಕಥೆ ಹೇಳು ಎಂದು ಸನ್ನೆ ಮಾಡಬೇಕಿತ್ತು. ನಾನು ಎರಡು ಬೆರಳಿನಿಂದ ನನ್ನ ತುಟಿ ಅಗಲಿಸಿ ತೋರಿಸಿದೆ, ನಗು ಎಂದು. ನಿನ್ನ ಮಗಳು ನಾನು ಹೇಳಿದ್ದನ್ನು ಯಾವತ್ತು ಮಾಡಿಲ್ಲ? ಕಣ್ಣಲ್ಲಿ ನೀರು ತುಂಬಿಕೊಂಡು ನಕ್ಕಳು. ಸಿಕ್ಕಿಬಿದ್ದರೂ ನಗುತ್ತಾಳಲ್ಲ ಎಂದು ಅವರು ತಿಳಿದುಕೊಂಡಿರಬೇಕು. ವಂದನೆ ಹೇಳಿ ಕರೆ ಮುಗಿಸಿದರು.

ಮೂರು ದಿನಕ್ಕೆ ಪತ್ರ ಬಂತು. ಮೂವರೂ ಬೇಡ, ಇನ್ನು ಮುಂದೆ ಈ ಕ್ಲಾಸಿನಿಂದ ಬಂದವರ ಅರ್ಜಿಯೂ ಬೇಡ. ರೂಪಶ್ರೀಯ ಅಪ್ಪ ಬಂದು ಬಾಯಿಗೆ ಬಂದ ಹಾಗೆ ಬೈದು ಹೋದರು, ನನಗೆ ಸ್ವಲ್ಪ ಹಗುರವಾಯಿತು. ಉಷಾ ಬೈಯಲಿಲ್ಲ. ಮೆಟ್ಟಿಲ ಮೇಲೆ ಕೂತಿದ್ದಳು. ನಾನು ಟೀ ತಂದು ಪಕ್ಕದಲ್ಲಿ ಕೂತೆ.

"ಮೇಡಂ, ಆ ಮಗು ಇತ್ತಾ ಇಲ್ಲಾ ನೀವೇ ಕಟ್ಟಿದ್ದಾ?" ಎಂದು ಕೇಳಿದಳು.

ಇತ್ತು ಅಂದೆ.

"ನಿಜವಾಗ್ಲೂ ಉಳೀತಾ?"

ಉಳಿಯಿತು ಅಂದೆ.

"ಹಂಗಾದ್ರೆ ಸಾಕು ಬಿಡ್ರಿ" ಎಂದು ಟೀ ಕುಡಿದು, ಲೋಟ ತೊಳೆದಿಟ್ಟು ಬಸ್ಸಿಗೆ ಹೋದಳು. ಮೊನ್ನೆ ಮೆಸೇಜು ಬಂತು, ಆಸ್ಪತ್ರೆಗೆ ರಾಜೀನಾಮೆ ಕೊಟ್ಟಿದ್ದಾಳೆ. ಸೋಮವಾರದಿಂದ ಗಿರಣಿ. ಆರು ವರ್ಷ ರೋಗಿಗಳ ನಾಡಿ ಹಿಡಿದ ಕೈ. ಓಬಳೇಶನಿಗೆ ಫೋನ್ ಮಾಡಿ ಅತ್ತುಕೊಂಡೆ. ಅವನು ಒಳ್ಳೆಯ ಮಾತಿನವನೇ, ಆದರೆ ಅಪ್ಪನೆದುರು ಬಾಯಿಲ್ಲ. ನೀನಾದರೂ ಹೋಗಿ ಅವಳ ಕೆಲಸ ಬಿಡಿಸಬೇಡಿ ಎಂದು ಹೇಳು. ನಿನ್ನ ಮಾತು ಅವರು ಕೇಳುತ್ತಾರೋ ಇಲ್ಲವೋ. ನನಗಂತೂ ನಂಬಿಕೆ ಇಲ್ಲ.

ಕ್ಲಾಸಿನ ಬೋರ್ಡು ಇಳಿಸಿದೆ. ಕುರ್ಚಿಗಳನ್ನು ಸಂತೇಬೆನ್ನೂರಿನ ಶಾಲೆಗೆ ಕೊಟ್ಟೆ. ಗೋಡೆಯ ಮೇಲಿನ ಬೊಟ್ಟು ಒಂದು ಉಳಿದಿದೆ, ನನ್ನನ್ನೇ ನೋಡುತ್ತಿರುತ್ತದೆ. ಉಷಾಳಿಗೆ ದೇವರು ಇನ್ನೊಂದು ದಾರಿ ತೋರಿಸಲಿ, ಅವಳ ಹೊಟ್ಟೆ ತಣ್ಣಗಿರಲಿ. ನಿನ್ನ ಬಿ.ಪಿ. ಮಾತ್ರೆ ಊಟಕ್ಕೆ ಮುಂಚೆ, ಮರೆಯಬೇಡ. ಒಬ್ಬಳೇ ಇರುವಾಗ ಇದನ್ನು ಓದು.

ಇತಿ, ನಿನ್ನ ಅಕ್ಕ ಎನಿಸಿಕೊಂಡವಳು,
ಕಸ್ತೂರಮ್ಮ

ತಾ.ಕ.: ಇಲ್ಲಿಗೆ ಮುಗಿಸಿ ಲಕೋಟೆಗೆ ಹಾಕಿ, ಮತ್ತೆ ತೆಗೆದಿದ್ದೇನೆ. ಹಸಿರು ಲಂಗ ಅಂದಾಗಲೇ ನಿನಗೆ ತಿಳಿದಿರಬೇಕು. ಹೌದು, ಅದು ನಿನ್ನ ಕೂಸು ಮಾಲಾ. ಜಗಳೂರಿನಲ್ಲಿ ಮರುಳಪ್ಪ ಡಾಕ್ಟರ ನರ್ಸಿಂಗ್ ಹೋಮಿನಲ್ಲಿ ನಾನು ನರ್ಸು, ನೀನು ಆಯಾ. ಮೂವತ್ತು ವರ್ಷವಾಯಿತು, ಉಷಾ ಇನ್ನೂ ಹುಟ್ಟಿರಲಿಲ್ಲ. ಆ ದಿನ ಊರಿಗೆ ಹೋಗುವ ಎರಡೂ ಕಾಲಿನ ಬಸ್ಸು ತಪ್ಪಬಾರದೆಂದು ಬೆಳಗ್ಗೆ ಎಂಟಕ್ಕೇ ಎರಡು ಗಂಟೆಯವರೆಗಿನ ಇಡೀ ಪಾಳಿಯ ಜ್ವರದ ಚಾರ್ಟು ತುಂಬಿಸಿಟ್ಟಿದ್ದೆ. ಎಲ್ಲರೂ ಹಾಗೇ ಮಾಡುತ್ತಿದ್ದೆವು. ಹನ್ನೆರಡರ ಹೊತ್ತಿಗೆ ನೀನು ನೆಲ ಒರೆಸುವುದನ್ನು ಬಿಟ್ಟು ಓಡಿಬಂದೆ. "ಅಕ್ಕ, ಕೂಸಿನ ಮೈ ಸುಡ್ತೈತೆ, ಒಂದು ಸರ್ತಿ ಬಂದು ನೋಡ್ರಿ" ಅಂದೆ. ನಾನು ಏಳಲಿಲ್ಲ. ಚಾರ್ಟು ಓದಿಕೋ, ನಿನಗೆ ಅಕ್ಷರ ಅಂಕಿ ಕಲಿಸಿದ್ದು ಯಾಕೆ ಅಂದೆ. ನೀನು ಬೆರಳಿಟ್ಟು ತೊಂಬತ್ತೊಂಬತ್ತು ಎಂದು ಓದಿ, ನನ್ನ ಕೈಗೇ ಭ್ರಮೆ ಎಂದುಕೊಂಡು ಮತ್ತೆ ನೆಲ ಒರೆಸಲು ಹೋದೆ. ಒಂದು ಗಂಟೆಗೆ ಫಿಟ್ಸು ಬಂತು. ಡಾಕ್ಟರು ಬಂದವರು ಹಣೆಬರಹ ಅಂದರು. ನಾನೂ ಹಾಗೇ ಅಂದೆ, ನಿನ್ನನ್ನು ತಬ್ಬಿಕೊಂಡು ಅಂದೆ. ಹನ್ನೊಂದು ಹುಡುಗಿಯರ ಬಾಯಲ್ಲಿ ಅವಳನ್ನು ಉಳಿಸಿಕೊಂಡೆ ಭೀಮಕ್ಕ. ನಿನ್ನ ಮನೆಯವರ ಬಾಯಿಂದಲೂ ಒಂದು ಸಲ ಅವಳು ಉಳಿದಳು ಎಂದು ಕೇಳುವ ಆಸೆಯಾಯಿತು, ಅದಕ್ಕೇ ಹಸಿರು ಇರಲಿ ಅಂದೆ. ಈಗ ನಿನ್ನ ಇನ್ನೊಬ್ಬ ಮಗಳನ್ನೂ ಕಳೆದೆ. ಆ ಚಾರ್ಟನ್ನು ಅಂದೇ ಕದ್ದು ಇಟ್ಟುಕೊಂಡಿದ್ದೆ, ಇದರ ಜೊತೆ ಕಳಿಸಿದ್ದೇನೆ. ಮಾಲಾ ಹೋದದ್ದು ಒಂದೂ ಕಾಲಿಗೆ. ಚಾರ್ಟಿನ ಎರಡು ಗಂಟೆಯ ಚೌಕದಲ್ಲಿ ನಾನು ಏನು ಬರೆದಿದ್ದೇನೆ, ಓದು.