ತುಟಿಗೆ ಕೂಡುವ ಮಾತು

ಎಸ್.ಎಸ್. ಬಡಾವಣೆ, ದಾವಣಗೆರೆ
ಗುರುವಾರ ಸಂಜೆ, ೧೪ ನವೆಂಬರ್ ೨೦೨೪

ಪ್ರೀತಿಯ ನುಜತ್,

ನಿನಗೂ ಮಗುವಿಗೂ ನನ್ನ ಮುತ್ತು.

ಇವತ್ತು ಬೆಳಿಗ್ಗೆ ಆಸ್ಪತ್ರೆಯಲ್ಲಿ ನಿಮ್ಮ ಅಬ್ಬಾನ ಕಿವಿಯ ಹಿಂದೆ ಎರಡು ಬಗೆಯ ಕೆಂಪು ನೋಡಿದೆ. ಮೇಕಪ್ಪಿನದು ಇನ್ನೂ ಹೊಳೆಯುತ್ತಿತ್ತು. ರಕ್ತ ಕಪ್ಪಾಗಿ ಒಣಗಿತ್ತು. ನರ್ಸ್ ಎರಡನ್ನೂ ಒಂದೇ ಹತ್ತಿಯಿಂದ ಒರೆಸಿದಳು.

ಹಸಿ ಬಾಣಂತಿಗೆ ನಿಜ ಹೇಳಬೇಡ ಎಂದು ನಿಮ್ಮಣ್ಣ ಬಿಲಾಲ್ ತಾಕೀತು ಮಾಡಿದ್ದಾನೆ. ಆದರೂ ಹೇಳುತ್ತೇನೆ. ಅಬ್ಬಾ ಹೊಳೆಯ ಮೆಟ್ಟಿಲಲ್ಲಿ ಜಾರಿ ಬಿದ್ದರೆಂಬುದು ಸುಳ್ಳು. ಅವರನ್ನು ಹೊಡೆದರು. ಜೀವಕ್ಕೆ ಅಪಾಯವಿಲ್ಲ. ದವಡೆ ಮುರಿದಿದೆ, ಪಕ್ಕೆಲುಬು ಬಿರಿದಿದೆ, ಎಡಗಣ್ಣಿನ ಬಗ್ಗೆ ಡಾಕ್ಟರು ಮಾತು ಕೊಡುತ್ತಿಲ್ಲ. ಔಷಧದ ಮಂಪರಿನಲ್ಲೇ ಇದ್ದಾರೆ. ಫೋನಿನಲ್ಲಿ ಇಷ್ಟೆಲ್ಲ ಹೇಳಲು ನನಗೆ ಬರುವುದಿಲ್ಲ, ನಿನಗೆ ಗೊತ್ತು. ಅದಕ್ಕೇ ಬರೆದು ಹಾಳೆಗಳ ಫೋಟೊ ಕಳಿಸುತ್ತಿದ್ದೇನೆ. ಪೂರ್ತಿ ಓದು.

ನಾನು ಸಂಭಾಷಣೆ ತಿದ್ದಲು ಸೇರಿಕೊಂಡ ಈ ಸಿನಿಮಾದಲ್ಲಿ ಅವರದು ಊರುಬಿಟ್ಟ ಲೇಖಕನ ಪಾತ್ರ. ಊರ ದೊಡ್ಡವರ ಮೇಲೆ ಕಥೆ ಬರೆದು ಓಡಿಸಿಕೊಂಡವನು ಎಪ್ಪತ್ತರ ದಶಕದಲ್ಲಿ ಹರಿಹರಕ್ಕೆ ಮರಳುತ್ತಾನೆ. ಹೊಳೆದಂಡೆಯಲ್ಲಿ ಜನ ಅವನನ್ನು ಬಡಿಯುತ್ತಾರೆ. ಮಂಗಳವಾರ ಆ ದೃಶ್ಯ. ಭಾನುವಳ್ಳಿಯಿಂದ ಬಂದ ಹುಡುಗರಿಗೆ ಬೆಂಡಿನ ದೊಣ್ಣೆ ಕೊಟ್ಟಿದ್ದರು. ಅಬ್ಬಾನೇ ಹೇಳಿಕೊಟ್ಟರು: “ನಾ ಎಡಗೈ ಎತ್ತಿದ್ರೆ ನಿಜವಾಗ್ಲೂ ನೋವಾಗೈತೆ ಅಂತ. ನಿಲ್ಸಬೇಕ್ರಪ್ಪ. ಮೊಮ್ಮಗಳು ಹುಟ್ಟ್ಯಾಳೆ, ಈ ಮುಖ ನೋಡಿ ಹೆದರಬಾರ್ದು.” ಎಲ್ಲರೂ ನಕ್ಕರು.

ಎರಡು ಸಲ ತೆಗೆದರೂ ದೊಣ್ಣೆ ಬಾಗುವುದು ಕಾಣುತ್ತಿತ್ತು. ಅಬ್ಬಾ ಬಣ್ಣ ಸರಿಮಾಡಿಸಿಕೊಳ್ಳಲು ವ್ಯಾನಿಗೆ ಹೋದಾಗ ನಿರ್ದೇಶಕ ಯೋಗರಾಜ್ ಹುಡುಗರನ್ನು ಕರೆದರು. ನಾನು ಪಕ್ಕದಲ್ಲೇ ಇದ್ದೆ. ನಾನು ಇದ್ದೇನೆ ಎಂಬುದು ಯಾರಿಗೂ ನೆನಪಿರುವುದಿಲ್ಲ.

“ಕೋಲಾಟ ಆಡಾಕ ಬಂದೀರೇನ್ರೋ? ಎಸೀರಿ ದೊಣ್ಣೇನ. ಕೈಕಾಲು ಐತಲ್ಲ. ಅವ್ರು ಕೈ ಎತ್ತಿದ್ರೂ ಬಿಡಬ್ಯಾಡ್ರಿ, ನಾ ಕಟ್ ಅನ್ನೋಮಟ.”

ತಿಮ್ಮೇಶ್ ಎಂಬ ಹುಡುಗ, “ವಯಸ್ಸಾದೋರು ಸಾರ್,” ಎಂದ.

“ಅವ್ರಿಗೆ ಎಲ್ಲಾ ಹೇಳೀನಿ. ನಿನ್ನ ಕೆಲ್ಸ ನೀ ಮಾಡಲೇ.”

ಹೇಳಿರಲಿಲ್ಲ. ಮೂರನೇ ಸಲ ತೆಗೆಯುವಾಗ ಅಬ್ಬಾ ಎಡಗೈ ಎತ್ತಿ, ಮತ್ತೆ ಮತ್ತೆ ಎತ್ತಿ, ಆ ಕೈಯನ್ನೇ ಬೆರಗಿನಿಂದ ನೋಡಿದರು. ಅವರಿಗೆ ಯಾರೂ ಹೇಳಿಲ್ಲವೆಂದು ಆಗ ನನಗೆ ತಿಳಿಯಿತು. ಒಬ್ಬ ಆ ಕೈಯನ್ನು ಮೆಟ್ಟಿದ. ಇನ್ನೊಬ್ಬ ಕಣ್ಣಿಗೆ ಗುದ್ದಿದ. ತಿಮ್ಮೇಶನ ಮೊಣಕಾಲು ದವಡೆಗೆ ಬಿದ್ದಾಗ ಒಣಸೌದೆ ಸೀಳಿದಂಥ ಸದ್ದು, ಜನರೇಟರಿನ ಗದ್ದಲದಲ್ಲೂ ಕೇಳಿಸಿತು. ಹಲ್ಲೊಂದು ಮರಳಿಗೆ ಬಿತ್ತು. ಅಬ್ಬಾ ಕ್ಯಾಮೆರಾದ ಕಡೆ ತಿರುಗಿ ಏನೋ ಕೂಗಿದರು. ನಾನೂ ಕೂಗಿದೆ, ಅದು ನನಗೇ ಕೇಳಿಸಲಿಲ್ಲ. ಯೋಗರಾಜ್ ಮಾನಿಟರ್ ಪರದೆಯಿಂದ ತಲೆ ಎತ್ತಲಿಲ್ಲ. ಕೊನೆಗೆ ತಿಮ್ಮೇಶನೇ ತನ್ನ ಪಂಚೆ ನೋಡಿಕೊಂಡು, “ಇದು ಬಣ್ಣ ಅಲ್ರಲೇ!” ಎಂದು ಉಳಿದವರನ್ನು ಎಳೆದು ಹಾಕಿದ.

ಇದು ಬಿದ್ದ ಗಾಯವಲ್ಲ ಎಂದು ಡಾಕ್ಟರು ಪೊಲೀಸರಿಗೆ ತಿಳಿಸಿದರು. ಜಾರಿ ಬಿದ್ದರು ಎನ್ನುತ್ತಿದ್ದ ಯೋಗರಾಜ್ ಕೂಡಲೇ ಮಾತು ಬದಲಿಸಿದರು: ತಿಮ್ಮೇಶ್ ಕುಡಿದು ಬಂದಿದ್ದನಂತೆ, ತಡೆದರೂ ಕೇಳಲಿಲ್ಲವಂತೆ. ನಾಳೆ ಪೊಲೀಸರು ಅವನನ್ನು ಠಾಣೆಗೆ ಕರೆದಿದ್ದಾರೆ. ಅಷ್ಟರೊಳಗೆ ಬಿಲಾಲ್ ಗೆಳೆಯರನ್ನು ಕೂಡಿಸುತ್ತಿದ್ದಾನೆ. ಬೈಕಿಗೆ ಕಬ್ಬಿಣದ ರಾಡು ಕಟ್ಟುವುದನ್ನು ನಾನೇ ಕಂಡೆ. “ಪೊಲೀಸ್ರಿಗಿಂತ ಮುಂಚೆ ನಾ ಹೋಗ್ತೀನಿ. ಆ ಮೊಣಕಾಲು ಇರಬಾರ್ದು,” ಎಂದ. ನನ್ನ ಮಾತು ಅವನ ಕಿವಿಗೆ ಹೋಗಲಿಲ್ಲ. ನಿನ್ನ ಮಾತು ಕೇಳುತ್ತಾನೆ. ಈಗಲೇ ಫೋನ್ ಮಾಡು. ಅತ್ತಾದರೂ ಸರಿ, ಬೈದಾದರೂ ಸರಿ, ತಡೆ.

ಯೋಗರಾಜ್ ಮಧ್ಯಾಹ್ನ ನನ್ನನ್ನು ಕರೆಸಿದ್ದರು. “ಆ ಶಾಟ್ ಬಂಗಾರ ಕಣಮ್ಮ. ಗದ್ದಲದಾಗ ಮಾತು ರೆಕಾರ್ಡ್ ಆಗಿಲ್ಲ. ತುಟಿಗೆ ಕೂಡೋ ಹಂಗೆ ಎರಡು ಮಾತು ಬರಿ, ‘ನನ್ನ ಜನಾನೇ ನನ್ನ ಕೊಂದ್ರು’ ಅಂತ ಏನಾದ್ರೂ. ನಾಳೆ ಬೇರೆಯೋರ ದನೀಲಿ ಡಬ್ ಮಾಡಿಸ್ತೀನಿ,” ಎಂದರು. ಅದು ಪರದೆಯ ಮೇಲೆ ಬಂದರೆ ಎಲ್ಲವೂ ನಟನೆಯಾಗಿ ಉಳಿಯುತ್ತದೆ.

ನಿನ್ನ
ಅಂಬಿಕಾ

ತಾ.ಕ.: ಅಬ್ಬಾ ಏನೋ ಕೂಗಿದರು ಎಂದು ಮೇಲೆ ಬರೆದೆನಲ್ಲ, ಅದು ನನಗೆ ಚೆನ್ನಾಗಿಯೇ ಕೇಳಿಸಿತ್ತು. “ಯೋಗರಾಜ್ ಸಾರ್, ನಿಜವಾಗ್ಲೂ ಹೊಡೀತಾರ್ರೀ, ಕಟ್ ಅನ್ರಿ.” ಬರೆದು ತರುತ್ತೇನೆ ಎಂದು ಯೋಗರಾಜ್‌ಗೆ ಒಪ್ಪಿ ಬಂದಿದ್ದೇನೆ. ಬೆಳಿಗ್ಗೆ ಮೊದಲ ಬಸ್ಸಿಗೆ ಭಾನುವಳ್ಳಿಗೆ ಹೋಗಿ, ತಿಮ್ಮೇಶನ ಜೊತೆ ಠಾಣೆಯಲ್ಲಿ ಕೂತು, ಅಬ್ಬಾನ ಆ ಮಾತನ್ನೇ ಪೊಲೀಸರಿಗೆ ಬರೆದುಕೊಡುತ್ತೇನೆ.